ಬೆವರಿದ ರೊಟ್ಟಿ

ಆ ಊರಿನ ಜನ ಮಳೆ ಇಲ್ಲದೆ ಸಾಯಲಿಲ್ಲ. ಬೆಳೆದದ್ದನ್ನು ಇಟ್ಟುಕೊಳ್ಳಲು ತಿಳಿಯದವನೊಬ್ಬ ಅವರಿಗೆ ಯಜಮಾನನಾಗಿದ್ದ, ಅದಕ್ಕೆ ಸತ್ತರು. ಯಜಮಾನ ನನ್ನ ಮಗ ಬಸು. ಗಾಬರಿಯಾಗಬೇಡಿ, ಊರು ಇದ್ದದ್ದು ಆನೆಕೊಂಡದ ನಮ್ಮ ಮನೆಯ ಪಡಸಾಲೆಯಲ್ಲಿ, ಕಂಪ್ಯೂಟರಿನ ಗಾಜಿನೊಳಗೆ.

ಅಂಗಡಿಯ ಲೆಕ್ಕಕ್ಕೆಂದು ತಂದ ಯಂತ್ರ ಅದು. ಬಸು ಹಗಲೆಲ್ಲ ದಲ್ಲಾಳಿ ಅಂಗಡಿಯಲ್ಲಿ ಜೋಳದ ಚೀಲಗಳ ನಡುವೆ ಕೂರುವವನು. ಸಂಜೆ ಬಂದು, ಕೈಕಾಲು ತೊಳೆಯದೆ, ಗಾಜಿನೊಳಗೆ ಮತ್ತೆ ಜೋಳ ಬೆಳೆಯುತ್ತಿದ್ದ. ಮೊಮ್ಮಕ್ಕಳಾದರೆ ಬೈದು ಎಬ್ಬಿಸಬಹುದು. ಅವರಪ್ಪನನ್ನು ಎಬ್ಬಿಸುವುದು ಹೇಗೆ?

ಆಟ ಇಷ್ಟೇ. ಯಾರೂ ಇಲ್ಲದ ಕಾಡಿಗೆ ಒಂದಷ್ಟು ಜನರನ್ನು ಇಳಿಸುತ್ತಾರೆ. ಅವರು ಮನೆ ಕಟ್ಟಬೇಕು, ಬೆಳೆ ತೆಗೆಯಬೇಕು, ಚಳಿಗಾಲಕ್ಕೆ ಕೂಡಿಡಬೇಕು. ಬಯಲಲ್ಲಿ ಬಿಟ್ಟ ಕಾಳು ಬೇಗ ಕೊಳೆಯುತ್ತದೆ. ಉಗ್ರಾಣ ಕಟ್ಟಿ ಬಾಗಿಲು ಮುಚ್ಚಿದರೆ ಉಳಿಯುತ್ತದೆ. ಬಸು ಉಗ್ರಾಣಕ್ಕಿಂತ ಮೊದಲು ಗಡಿಯಾರದ ಗೋಪುರ ಕಟ್ಟಿಸಿದ. ಜನ ಗಂಟೆ ನೋಡಿಕೊಂಡು ಸತ್ತರು.

ನಾನು ಓದಿದ್ದು ಮೂರನೇ ಕ್ಲಾಸು. ಆ ಆಟ ನೋಡಲು ಅಷ್ಟೂ ಬೇಕಿಲ್ಲ. ಕಾಳಿನ ರಾಶಿಯ ಮೇಲೆ ಒಂದು ಗೀಟು. ಹಸಿರಿದ್ದರೆ ಚೆನ್ನಾಗಿದೆ, ಕೆಂಪಾದರೆ ಕೆಟ್ಟಿದೆ. ಇದು ನನಗೆ ಸರಿಬರಲಿಲ್ಲ. ಕೆಟ್ಟದ್ದು ಮೊದಲು ಗೊತ್ತಾಗುವುದು ಮೂಗಿಗೆ, ಆ ಗಾಜಿಗೆ ಮೂಗೇ ಇಲ್ಲ. ಮೇಲಾಗಿ ಜೋಳಕ್ಕೂ ಈರುಳ್ಳಿಗೂ ಒಂದೇ ಉಗ್ರಾಣ. ಈರುಳ್ಳಿಯನ್ನು ಗಾಳಿಯಾಡದಂತೆ ಮುಚ್ಚಿಟ್ಟು ನೋಡಲಿ, ನಿಮ್ಮ ಮನೆಯಲ್ಲಿ ಏನು ಸತ್ತಿದೆ ಎಂದು ಬೀದಿಯವರು ಬಂದು ಕೇಳುತ್ತಾರೆ. ನನ್ನ ತವರು ಕೊಂಡಜ್ಜಿಯಲ್ಲಿ ನೆಲದೊಳಗೆ ಹಗೇವು ತೋಡಿ ಜೋಳ ತುಂಬುತ್ತಿದ್ದರು. ಅದರ ಬಾಯಿ ತೆಗೆದವರು ಥಟ್ಟನೆ ಒಳಗಿಳಿಯುವ ಹಾಗಿಲ್ಲ, ಒಳಗಿನ ಗಾಳಿಗೇ ಪ್ರಾಣ ಹೋಗುತ್ತದೆ. ದೀಪ ಇಳಿಬಿಟ್ಟು, ಅದು ಉರಿದರೆ ಮಾತ್ರ ಮನುಷ್ಯ ಇಳಿಯುವುದು. ಮುಚ್ಚಿಡುವುದು ಅಷ್ಟು ಸಲೀಸಿನ ಕೆಲಸವಲ್ಲ.

ಬಸುವಿನ ತಲೆಯಲ್ಲಿ ಮಾತ್ರ ಮುಚ್ಚಿಟ್ಟದ್ದು ಕೆಡುವುದಿಲ್ಲ ಎಂಬುದು ಕೂತುಬಿಟ್ಟಿತು.

ಅದೇ ವಾರ ಸೊಸೆ ಗಿರಿಜಾ ಖಡಕ್ ರೊಟ್ಟಿ ಬಡಿಯಲು ಕೂತಳು. ದೇವರಾಜ ಅರಸು ಬಡಾವಣೆಯಲ್ಲಿ ಅವಳ ತಂಗಿಯ ಹೊಸ ಮನೆಯ ಗೃಹಪ್ರವೇಶ. ಅಕ್ಕನ ಮನೆಯಿಂದ ರೊಟ್ಟಿಯ ಬುಟ್ಟಿ ಹೋಗಬೇಕು. ತಂಗಿಯ ಅತ್ತೆ ಹರಿಹರದವರು, ನಾಲಿಗೆ ಚುರುಕು. ಹಿಂದೊಮ್ಮೆ ಗಿರಿಜಾಳ ರೊಟ್ಟಿ ದಪ್ಪವೆಂದು ಪಂಕ್ತಿಯಲ್ಲಿ ಎಲ್ಲರೆದುರು ಅಂದಿದ್ದರು. ಈ ಸಲ ಆ ಮಾತನ್ನು ಹಿಂದಕ್ಕೆ ತಗೊಳ್ಳುವ ಹಾಗೆ ಮಾಡಬೇಕು, ಅದೊಂದೇ ಇವಳ ಹಟ. ಅಂಗೈ ಊದುವವರೆಗೆ ಬಡಿದಳು. ಬೇಯಿಸಿದ್ದನ್ನು ಆರಲೆಂದು ಬಟ್ಟೆಯ ಮೇಲೆ ಹರವಿ ನಾವಿಬ್ಬರೂ ಪೇಟೆಗೆ ಹೋದೆವು. ಊಟಕ್ಕೆ ಬಂದ ಬಸು, ಉಪಕಾರ ಮಾಡುವ ಮನಸ್ಸಾಗಿ, ಅಷ್ಟನ್ನೂ ಬಿಸಿಬಿಸಿಯಾಗಿಯೇ ಸ್ಟೀಲ್ ಡ್ರಮ್ಮಿಗಿಳಿಸಿ ಮುಚ್ಚಳ ಒತ್ತಿದ.

"ಎಲ್ಲಾ ಎತ್ತಿಟ್ಟೀನಿ, ಇನ್ನ ಇರುವೆ ಕಾಟ ಇಲ್ಲ," ಎಂದ. ಆರಿದ ಮೇಲೆ ಇಟ್ಟಿರಬೇಕೆಂದು ನಾವೂ ಮುಚ್ಚಳ ತೆಗೆದು ನೋಡಲಿಲ್ಲ.

ಗೃಹಪ್ರವೇಶದ ಹಿಂದಿನ ಸಂಜೆ ಗಿರಿಜಾ ಮುಚ್ಚಳ ತೆಗೆದಳು. ಮೇಲಿನವು ತೊಗಲಿನ ಹಾಗೆ ಬಾಗಿದವು. ಕೆಳಗಿನವಕ್ಕೆ ಬೂಷ್ಟು.

"ಏನ್ರೀ ಮಾಡಿದ್ರಿ ಇದು? ಬಿಸಿ ರೊಟ್ಟಿ ಬೆವರ್ತೈತೆ ಅಂತ ಗೊತ್ತಿಲ್ಲೇನ್ರಿ?"

"ಮುಚ್ಚಿಟ್ರೆ ಕೆಡಲ್ಲ ಅನ್ಕಂಡಿದ್ದೆ."

"ಯಾರು ಹೇಳಿದ್ರು?"

ಬಸು ಕಂಪ್ಯೂಟರಿನ ಕಡೆ ನೋಡಿದ.

"ಅದರಾಗಿನ ಜನ ಸತ್ತಿದ್ದು ಸಾಲ್ಲಿಲ್ಲೇನಪ್ಪಾ, ಇನ್ನ ಬೀಗರನ್ನೂ ಉಪಾಸ ಕೆಡವ್ತೀಯಾ?" ಎಂದೆ ನಾನು.

ಗಿರಿಜಾ ಅಳಲಿಲ್ಲ, ಅದು ನನಗೆ ಹಿಡಿಸಿತು. ಡ್ರಮ್ಮಿನ ಪಕ್ಕ ಕೂತಳು. "ಅತ್ತೀ, ಪ್ಯಾಟೆಯಾಗೆ ಸಿಗ್ತಾವೆ. ತಂದು, ನಾನೇ ಮಾಡಿದ್ದು ಅಂದ್ರೆ?"

"ಬ್ಯಾಡ. ಆಯಮ್ಮ ಒಂದು ತುಂಡು ಮುರಿದ್ರೆ ಸಾಕು, ಯಾರ ಕೈ ಅಂತ ಹೇಳ್ತಾಳೆ."

"ಮತ್ತೆ ಬರಿಗೈಲೆ ಹೆಂಗೆ ಹೋಗ್ಲಿ?"

ನಾನು ಡ್ರಮ್ಮಿಗೆ ಬಗ್ಗಿ ಮೂಸಿದೆ. ಮೇಲಿನವನ್ನು ಹಂಚಿನ ಮೇಲೆ ಒತ್ತಿ ಮತ್ತೆ ಗರಿಗರಿ ಮಾಡಬಹುದಿತ್ತು, ಆದರೆ ಕೆಳಗಿನ ವಾಸನೆ ಅವಕ್ಕೂ ಏರಿತ್ತು. ಎಲ್ಲವನ್ನೂ ತಿಪ್ಪೆಗೆ ಹಾಕಿಸಿದೆ, ದನಕ್ಕೂ ಬೇಡವೆಂದೆ. ನಾವು ಕೂಡಿಡುವುದು ನಾಳೆಯ ಭಯಕ್ಕೆ, ಕೆಲವು ಸಲ ನಾಳೆಯ ಜಂಭಕ್ಕೆ. ಬೂಷ್ಟಿಗೆ ಎರಡೂ ಒಂದೇ.

ಮರುದಿನ ಬೆಳಿಗ್ಗೆ ಜೋಳದ ಹಿಟ್ಟು, ಹಂಚು ಎಲ್ಲ ಕಟ್ಟಿಸಿ ಆಟೋದಲ್ಲಿ ಹೇರಿದೆ. ಹೊಸ ಮನೆಯಲ್ಲಿ ಹಾಲು ಉಕ್ಕಿದ ಮೇಲೆ ಹಿತ್ತಲಲ್ಲಿ ಇಟ್ಟಿಗೆ ಹೂಡಿ, ಬಸುವನ್ನು ಬೆಂಕಿ ಊದಲು ಕೂರಿಸಿ, ಗಿರಿಜಾಳ ಮುಂದೆ ಹಿಟ್ಟು ಇಟ್ಟೆ. ಹಿರಿಯರ ಪಂಕ್ತಿಗೆ ಸಾಲುವಷ್ಟು ಬಡಿದಳು. ಹಂಚಿನಿಂದ ತೆಗೆದದ್ದನ್ನು ಎಲ್ಲಿಯೂ ಇಡಗೊಡದೆ ನಾನೇ ಹೊತ್ತು ಎಲೆಗೆ ಹಾಕಿದೆ. ಹರಿಹರದ ಬೀಗಿತ್ತಿ ಮೊದಲ ತುತ್ತು ಬಾಯಿಗಿಟ್ಟು, ಬಿಸಿಗೆ ಹಾ ಎಂದು ಉಸಿರುಬಿಟ್ಟರು. ರೊಟ್ಟಿ ದಪ್ಪವೋ ತೆಳುವೋ ಹೇಳಲು ಬಾಯಿಗೆ ಪುರಸೊತ್ತಿರಲಿಲ್ಲ. ನಾನು ಎರಡನೆಯದನ್ನು ತರಲು ಹಿತ್ತಲಿಗೆ ಹೋದೆ.