ಬಾಯಿಬಿಟ್ಟು ಹೇಳದ ಅಳತೆ

ಅವಳಿಗೊಂದು ಹೆಸರಿತ್ತು, ಅಂಗಡಿಯ ಬೋರ್ಡಿನ ಮೇಲೆ ಬರೆದೂ ಇತ್ತು. ಆದರೆ ಬೋರ್ಡು ಓದಿ ಬಂದ ಗಿರಾಕಿ ಒಬ್ಬರೂ ಇಲ್ಲ. ಬೀದಿಗೆಲ್ಲ ಅವಳು ಪಿನ್ನಮ್ಮ. ಬೆಳಿಗ್ಗೆ ಬಾಗಿಲು ತೆಗೆದವಳು ಮೊದಲು ನಾಲ್ಕು ಗುಂಡುಪಿನ್ನು ತುಟಿಯಲ್ಲಿ ಕಚ್ಚಿಕೊಳ್ಳುವಳು. ಪಿನ್ನು ಬಾಯೊಳಗಿರುವ ತನಕ ಅವಳು ಮೌನಿ. ಪಿನ್ನು ಹೊರಗೆ ಬಂದರೆ ಬೀದಿಯೇ ಮೌನಿ.

ಅಂಗಡಿ ಎಂದರೆ ಎಂಟಡಿ ಅಗಲದ ಗೂಡು. ಕತ್ತರಿಸಲು ಒಂದು ಮೇಜು, ಎರಡು ಮೆಷಿನ್ನು, ಒಂದಾಳುದ್ದದ ಕನ್ನಡಿ, ಅದರ ಪಕ್ಕಕ್ಕೆ ಪರದೆ. ಈ ಕಡೆ ಚಪ್ಪಲಿ ಹೊಲಿಯುವವನು, ಆ ಕಡೆ ಸೈಕಲ್ ರಿಪೇರಿಯವನು. ಬೀದಿಯ ಕೊನೆಯಲ್ಲಿರುವ ಶಾಲೆಯ ಮಕ್ಕಳಿಗೆ ಇಪ್ಪತ್ತಾರು ವರ್ಷದಿಂದ ಕೋಟು ಹೊಲಿದವಳು ಅವಳೇ.

ಬೇರೆ ದರ್ಜಿಗಳು ಟೇಪು ಹಿಡಿದು ಅಳತೆಯನ್ನು ಕೂಗಿ ಹೇಳುತ್ತಾರೆ, ಹುಡುಗ ಬರೆದುಕೊಳ್ಳುತ್ತಾನೆ. "ಹೊಟ್ಟೆ ನಲವತ್ತನಾಲ್ಕು!" ಎಂದರೆ ಎದುರಿನ ಹೋಟೆಲಿನವರೆಗೂ ಸುದ್ದಿ. ಪಿನ್ನಮ್ಮ ಹಾಗೆ ಮಾಡಿದವಳಲ್ಲ. ಅವಳೇ ಅಳೆಯುವಳು, ಅವಳಿಗೆ ಮಾತ್ರ ತಿಳಿಯುವ ಗುರುತಿನಲ್ಲಿ ಅವಳೇ ಬರೆಯುವಳು. ಯಾಕೆ ಎಂದು ಕೇಳಿದರೆ, "ಮೈಯಳತೆ ಅಂದ್ರೆ ಡಾಕ್ಟ್ರ ಚೀಟಿ ಇದ್ದ ಹಾಗೆ, ಬೀದೀಲಿ ಓದೋದಲ್ಲ" ಎನ್ನುವಳು. ಅವಳು ಕಂಡ ಸತ್ಯ ಇಷ್ಟು: ಯಾರ ಮೈಯೂ ಸಮ ಇಲ್ಲ. ಒಬ್ಬನ ಒಂದು ತೋಳು ಉದ್ದ, ಒಬ್ಬಳ ಬೆನ್ನು ಗೂನು, ಇನ್ನೊಬ್ಬನ ಎದೆಯೇ ಓರೆ. ಇಪ್ಪತ್ತಾರು ವರ್ಷದಲ್ಲಿ ಅವಳು ನೋಡಿದ ನೆಟ್ಟಗಿನ ಮೈ ಒಂದೇ, ಅದು ಅಂಗಡಿಯ ಮೂಲೆಯ ಮರದ ಗೊಂಬೆ. ಅದಕ್ಕೂ ತಲೆ ಇಲ್ಲ.

ಹಾಗಾಗಿ ಮುನ್ನೂರು ಮಕ್ಕಳು ಒಂದೇ ಥರ ಕಾಣಬೇಕಾದರೆ ಮುನ್ನೂರು ಥರ ಕತ್ತರಿಸಬೇಕು. ಇಲ್ಲೊಂದು ಮಡಿಕೆ, ಅಲ್ಲೊಂದು ಪದರ ಹತ್ತಿ, ಅಸ್ತರಿನೊಳಗೆ ಒಂದು ಕಳ್ಳ ಹೊಲಿಗೆ. ಶಾಲೆಯವರು ಮೈದಾನದಲ್ಲಿ ಸಾಲು ನೋಡಿ, "ನಮ್ಮ ಮಕ್ಕಳ ಶಿಸ್ತು ನೋಡಿ" ಎಂದು ಬೀಗುತ್ತಿದ್ದರು. ಶಿಸ್ತು ಯಾರದ್ದು ಎಂದು ಕತ್ತರಿಗೆ ಗೊತ್ತಿತ್ತು. ಕಾಣದ ಕೆಲಸ ಮಾಡುವವರ ಹಣೆಬರಹವೇ ಅಷ್ಟು. ಚೆನ್ನಾಗಿ ಮಾಡಿದಷ್ಟೂ ಅದು ಇಲ್ಲವೆಂದೇ ಲೆಕ್ಕ.

ಈ ವರ್ಷ ಶಾಲೆ ಹೊಸ ನಿಯಮ ತಂದಿತು. ಎಲ್ಲರಿಗೂ ರೆಡಿಮೇಡ್ ಕೋಟು. ಸಣ್ಣದು, ನಡುವಿನದು, ದೊಡ್ಡದು, ಮೂರೇ ಸೈಜು. ಹೊರಗೆ ಹೊಲಿಸುವಂತಿಲ್ಲ. ಕಾರಣ, ಏಕರೂಪ! ರೆಡಿಮೇಡ್ ಕೋಟಿನ ಗುಟ್ಟು ವ್ಯಾಪಾರಿಗೆ ಗೊತ್ತು. ಅದು ಯಾರಿಗೂ ಸರಿಹೋಗುವುದಿಲ್ಲ, ಅದಕ್ಕೇ ಎಲ್ಲರಿಗೂ ಮಾರಬಹುದು. ಪಿನ್ನಮ್ಮ ಪಿನ್ನು ಉಗಿದು, "ದೇವರು ಮುನ್ನೂರು ಥರ ಮಾಡ್ದ. ಇವ್ರು ಮೂರಕ್ಕೆ ಇಳಿಸಿದ್ರು. ಜಾಣರು!" ಎಂದು ಮತ್ತೆ ಪಿನ್ನು ಕಚ್ಚಿಕೊಂಡಳು. ಅಷ್ಟಕ್ಕೇ ಮುಗಿಯುತ್ತಿತ್ತೇನೋ.

ಮಂಗಳವಾರ ಮಧ್ಯಾಹ್ನ ಅವಳ ತಂಗಿಯ ಮಗಳು ಅಂಗಡಿಗೆ ಬಂದಳು. ಹದಿನಾರರ ಹುಡುಗಿ. ಅವಳ ಎಡಭುಜ ಬಲಕ್ಕಿಂತ ಕೆಳಗೆ. ಆದರೆ ಹುಟ್ಟಿದಂದಿನಿಂದ ಅವಳ ಮೈಗೆ ಬಿದ್ದ ಬಟ್ಟೆಯೆಲ್ಲ ದೊಡ್ಡಮ್ಮನ ಕೈಯದ್ದೇ, ಹಾಗಾಗಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆಟೋಟದ ದಿನ ಶಾಲೆಯ ಬಾವುಟ ಹಿಡಿದು ಮೆರವಣಿಗೆಯ ಮುಂದೆ ನಡೆಯಲು ಅವಳನ್ನು ಆರಿಸಿದ್ದರು. ಮೂರು ತಿಂಗಳಿಂದ ಬಿದಿರಿನ ಕೋಲು ಹಿಡಿದು ಮಹಡಿಯ ಮೇಲೆ ಹೆಜ್ಜೆ ಹಾಕಿದ ಸದ್ದಿಗೆ ಕೆಳಗಿನ ಮನೆಯವರು ಜಗಳಕ್ಕೆ ಬಂದಿದ್ದರು. ಇವತ್ತು ಹೊಸ ಕೋಟು ತೊಟ್ಟೇ ಬಂದಿದ್ದಳು. ಎಡಗಡೆ ಬಟ್ಟೆ ಗೋಣಿಚೀಲದಂತೆ ಜೋತಿತ್ತು, ಕಾಲರ್ ಒಂದು ಕಿವಿಯ ಹತ್ತಿರಕ್ಕೆ ಏರಿತ್ತು.

"ಬಾವುಟ ಬೇರೆಯವಳಿಗೆ ಕೊಟ್ರು," ಎಂದಳು. "ನನ್ನ ಕೊನೇ ಸಾಲಿಗೆ ಹಾಕಿದ್ರು. ಸಾಲಿನ ಅಂದ ಕೆಡುತ್ತಂತೆ. ಡ್ರಿಲ್ ಮೇಷ್ಟ್ರು ಎಲ್ರ ಮುಂದೆ, 'ನೆಟ್ಟಗೆ ನಿಂತ್ಕೊಳಮ್ಮ, ಹೋಗ್ಲಿ ಬಿಡು, ನಿಂಗೆ ಆಗಲ್ಲ' ಅಂದ್ರು."

ಪಿನ್ನಮ್ಮನ ಬಾಯಿಂದ ಪಿನ್ನುಗಳು ಮೇಜಿನ ಮೇಲೆ ಉದುರಿದವು. "ಕೋಟು ಡೊಂಕಾದ್ರೆ ಹುಡುಗಿ ಡೊಂಕು ಅಂದ್ರಾ? ನೆಗಡಿ ಆಯ್ತು ಅಂತ ಮೂಗು ಕೊಯ್ಯೋ ಜನ! ಆ ಮೇಷ್ಟ್ರ ಪ್ಯಾಂಟಿನ ಕಥೆ ನಾನು ಬಾಯಿಬಿಟ್ರೆ—"

"ನಿಂಗೆ ಗೊತ್ತಿತ್ತಾ, ದೊಡ್ಡಮ್ಮ?"

"ಏನು?"

"ನನ್ನ ಭುಜ."

ಉತ್ತರ ತಪ್ಪಿಸಿಕೊಳ್ಳಲು ಪಿನ್ನಮ್ಮ ಮೇಜಿನ ಮೇಲೆ ಪಿನ್ನು ತಡಕಿದಳು. ಒಂದೂ ಕೈಗೆ ಸಿಗಲಿಲ್ಲ.

"ಗೊತ್ತಿತ್ತು," ಎಂದಳು. "ನೀನು ನೊಂದ್ಕೋಬಾರ್ದು ಅಂತ ಹತ್ತಿ ಇಡ್ತಿದ್ದೆ. ನಿನ್ನ ಒಳ್ಳೇದಕ್ಕೇ ಕಣೇ."

"ಒಳ್ಳೇದಕ್ಕೆ ಮುಚ್ಚಿಟ್ರೆ ಅದು ಕೆಟ್ಟದ್ದು ಅಂತ ತಾನೇ ಆಯ್ತು? ನೂರು ಜನ ನೋಡಿ ನಕ್ಕ ಮೇಲೆ ನಂಗೆ ಗೊತ್ತಾಯ್ತು. ನನ್ನ ಮೈ, ನಂಗೇ ಕೊನೇಲಿ ಗೊತ್ತಾಗಿದ್ದು!"

ಕೋಟನ್ನು ಕಳಚಿ ಮರದ ಗೊಂಬೆಯ ಮೇಲೆ ಎಸೆದು ಹುಡುಗಿ ಹೊರಟೇಹೋದಳು. ಗೊಂಬೆಗೂ ಆ ಕೋಟು ಸರಿಹೋಗಲಿಲ್ಲ.

ಮರುದಿನ ಬೆಳಿಗ್ಗೆ ಪಿನ್ನಮ್ಮ ಅಂಗಡಿ ತೆಗೆಯದೆ ನೇರ ಶಾಲೆಗೆ ಹೋದಳು. ರಾತ್ರಿಯಿಡೀ ಕುದಿದ ಸಿಟ್ಟು ಕೆಳಗಿಳಿದಿರಲಿಲ್ಲ. ಅದರಲ್ಲಿ ಅರ್ಧ ಶಾಲೆಯ ಮೇಲೆ, ಇನ್ನರ್ಧ ಯಾರ ಮೇಲೆ ಎಂದು ಅವಳು ವಿಚಾರಿಸಲು ಹೋಗಲಿಲ್ಲ. ಹೆಡ್ ಮಿಸ್ ಕೋಣೆಯ ಮೂಲೆಯಲ್ಲಿ ಕೋಟಿನ ಡಬ್ಬಗಳನ್ನು ಸೂರಿನವರೆಗೆ ಪೇರಿಸಿದ್ದರು. ಮೇಜಿನ ಪಕ್ಕದಲ್ಲಿ ಡ್ರಿಲ್ ಮೇಷ್ಟ್ರು ಸೀಟಿ ಕೊರಳಿಗೆ ಹಾಕಿಕೊಂಡು ನಿಂತಿದ್ದರು.

"ಬನ್ನಿ ಪಿನ್ನಮ್ಮ," ಎಂದರು ಹೆಡ್ ಮಿಸ್. "ವಿಷಯ ಗೊತ್ತು. ಆದ್ರೆ ಒಬ್ಬಳಿಗೋಸ್ಕರ ನಿಯಮ ಬದಲಾಯಿಸೋಕಾಗಲ್ಲ. ಎಲ್ರೂ ಒಂದೇ ಅಂದ್ಮೇಲೆ ಎಲ್ರೂ ಒಂದೇ."

ಹೆಡ್ ಮಿಸ್ ತೊಟ್ಟಿದ್ದ ಬೂದು ಬಣ್ಣದ ಕೋಟು ಪಿನ್ನಮ್ಮ ಹೊಲಿದದ್ದು. ಹನ್ನೊಂದು ವರ್ಷದಿಂದ ಅವರ ಕೋಟೆಲ್ಲ ಅವಳೇ ಹೊಲಿದದ್ದು. ಅವರ ಬಲಭುಜ ಮುಕ್ಕಾಲು ಇಂಚು ಕೆಳಗೆ. ಅಲ್ಲಿ ಮೂರು ಪದರ ಹತ್ತಿ ಇದೆ ಎಂದು ಲೋಕದಲ್ಲಿ ಒಬ್ಬಳಿಗೆ ಮಾತ್ರ ಗೊತ್ತು. ಮಾತು ನಾಲಿಗೆಯ ತುದಿಗೆ ಬಂತು. ಮೇಷ್ಟ್ರ ಎದುರಿಗೇ ಅಂದುಬಿಟ್ಟರೆ ಮಧ್ಯಾಹ್ನದೊಳಗೆ ಶಾಲೆಯೆಲ್ಲ ನಗುತ್ತದೆ. ನಿನ್ನೆ ತನ್ನ ಹುಡುಗಿಯನ್ನು ನೋಡಿ ನಕ್ಕ ಹಾಗೆಯೇ.

ಪಿನ್ನಮ್ಮ ಆ ಮಾತನ್ನು ನುಂಗಿದಳು. ಪಿನ್ನಿಗಿಂತ ಚೂಪಾಗಿತ್ತು.

"ಮೇಷ್ಟ್ರೇ, ಸ್ವಲ್ಪ ಹೊರಗಿರಿ. ಹೆಂಗಸರ ಅಳತೆ," ಎಂದಳು. ಅವರು ಹೋದ ಮೇಲೆ ಬಾಗಿಲು ಹಾಕಿ, "ಮಿಸ್, ಒಂದೇ ಒಂದು ಕೇಳ್ಕೋತೀನಿ. ಆ ಡಬ್ಬದಿಂದ ಒಂದು ದೊಡ್ಡ ಸೈಜ್ ತೊಟ್ಟು ಆ ಗೋಡೆ ಕನ್ನಡಿ ಮುಂದೆ ನಿಲ್ಲಿ. ಆಮೇಲೆ ನೀವು ಹೇಳಿದ್ದೇ ಸರಿ" ಎಂದಳು.

ಹೆಡ್ ಮಿಸ್ ಬೂದು ಕೋಟು ಕಳಚಿ ನಗುತ್ತಲೇ ಅದನ್ನು ತೊಟ್ಟರು. ಬಲಗಡೆ ಜೋತಿತು. ಎಳೆದು ಸರಿಮಾಡಿದರು, ಮತ್ತೆ ಜೋತಿತು.

"ಇದರ ಹೊಲಿಗೆ ಸರಿಯಿಲ್ಲ," ಎಂದು ಇನ್ನೊಂದು ತೆಗೆದರು. ಅದೂ ಹಾಗೆಯೇ. ಮೂರನೆಯದನ್ನು ತೊಟ್ಟು ಕನ್ನಡಿಗೆ ಹತ್ತಿರ ಸರಿದರು. ಕೈ ನಿಧಾನವಾಗಿ ಬಲಭುಜಕ್ಕೆ ಹೋಯಿತು.

"ಎಷ್ಟು ವರ್ಷದಿಂದ?"

"ನಾನು ಹೊಲಿಯೋಕೆ ಶುರುಮಾಡಿದಾಗಿಂದ."

"ಯಾರಿಗೂ ಹೇಳಿಲ್ವಾ?"

"ನಿಮಗೇ ಹೇಳಿಲ್ವಲ್ಲ, ಮಿಸ್."

ಹೆಡ್ ಮಿಸ್ ತಮ್ಮ ಬೂದು ಕೋಟನ್ನೇ ಮತ್ತೆ ತೊಟ್ಟು ಕುರ್ಚಿಗೆ ಬಂದರು. "ಬಾವುಟ ಅವಳೇ ಹಿಡೀಲಿ. ಕೋಟು ನೀವೇ ಹೊಲಿದುಕೊಡಿ. ಮೊದಲಿನ ಹಾಗೇ, ಕಾಣದ ಹಾಗೆ."

"ಉಳಿದ ಮಕ್ಕಳಿಗೆ?"

"ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ ಎನ್ನುವುದು ದೊಡ್ಡವರ ಗೋದಾಮು. ಈಗ ಬೇಡವಾದದ್ದನ್ನೆಲ್ಲ ಅಲ್ಲಿಗೆ ಸಾಗಿಸುತ್ತಾರೆ. "ಬರ್ತೀನಿ ಮಿಸ್, ಮುಂದಿನ ವರ್ಷಾನೂ ಬರ್ತೀನಿ. ಆಗ ಬಾಗಿಲು ಹಾಕಲ್ಲ" ಎಂದು ಹೇಳಿ ಪಿನ್ನಮ್ಮ ಹೊರಬಿದ್ದಳು.

ಸಂಜೆ ಹುಡುಗಿ ಅಂಗಡಿಗೆ ಬಂದಳು. ಬಾವುಟ ಮರಳಿ ಸಿಕ್ಕಿದ ಸುದ್ದಿ ಅವಳಿಗೆ ಶಾಲೆಯಲ್ಲೇ ತಿಳಿದಿತ್ತು. ಆದರೂ ಮುಖ ಬಿಗಿದುಕೊಂಡೇ ಕನ್ನಡಿಯ ಮುಂದೆ ನಿಂತಳು. ಪಿನ್ನಮ್ಮನ ಕೈ ಅಭ್ಯಾಸಬಲದಿಂದ ಹತ್ತಿಯ ಡಬ್ಬಕ್ಕೆ ಹೋಯಿತು.

"ಹತ್ತಿ ಬೇಡ," ಎಂದಳು ಹುಡುಗಿ.

"ಕಾಣುತ್ತೆ ಕಣೇ!"

"ಕಾಣ್ಲಿ. ಬಾವುಟ ನೆಟ್ಟಗಿದ್ರೆ ಸಾಕು."

"ಆ ಹೆಡ್ ಮಿಸ್ ನೋಡಿದ್ರೆ ನಂಗೆ ಹೊಲಿಯೋಕೇ ಬರಲ್ಲ ಅಂತಾರೆ. ಇಪ್ಪತ್ತಾರು ವರ್ಷದ ಹೆಸರು ಹೋಗುತ್ತೆ!"

"ಹೋಗ್ಲಿ. ಬೋರ್ಡು ಯಾರೂ ಓದಲ್ಲ ಅಂತ ನೀನೇ ಹೇಳ್ತೀಯಲ್ಲ."

ಚಪ್ಪಲಿ ಹೊಲಿಯುವವನು ಪಕ್ಕದಿಂದ ಕಿಸಕ್ಕನೆ ನಕ್ಕ. ಪಿನ್ನಮ್ಮ ಅವನನ್ನು ಕಣ್ಣಲ್ಲೇ ಸುಟ್ಟು, ಹತ್ತಿಯ ಡಬ್ಬದ ಮುಚ್ಚಳ ಹಾಕಿದಳು. ಎಷ್ಟೋ ಹೊತ್ತು ಆ ಭುಜವನ್ನೇ ನೋಡಿದಳು. ಭುಜ ಇದ್ದಂತೆಯೇ ಇರಲಿ, ಬಟ್ಟೆ ಅದರ ಮೇಲೆ ಸುಕ್ಕಿಲ್ಲದೆ ಕೂರಲಿ. ಅಂಥ ಕೋಟನ್ನು ಅವಳು ಇದುವರೆಗೆ ಕತ್ತರಿಸಿರಲಿಲ್ಲ. ಅಳತೆಯ ಪುಸ್ತಕವನ್ನೂ ಪೆನ್ಸಿಲನ್ನೂ ಹುಡುಗಿಯ ಕೈಗೆ ಕೊಟ್ಟಳು. ತುಟಿಗೆ ಎತ್ತಿದ್ದ ಪಿನ್ನುಗಳನ್ನು ಮರಳಿ ಮೇಜಿನ ಮೇಲಿಟ್ಟಳು.

"ಎಡಭುಜ, ಕೆಳಗೆ," ಎಂದು ಟೇಪು ಹಿಡಿದಳು.

"ಎಷ್ಟು? ಒಂದಿಂಚಾ?"

"ಒಂದೂಕಾಲು," ಎಂದು ಪಿನ್ನಮ್ಮ ಬೀದಿಗೇ ಕೇಳುವ ಹಾಗೆ ಹೇಳಿದಳು. "ಸರಿಯಾಗಿ ಬರಿ. ಒಂದು ದಾರದಷ್ಟೂ ಕಮ್ಮಿ ಮಾಡ್ಬೇಡ."