ಏಲಿಯನ್‌ಗೆ ಮೊಣಕಾಲು ಯಾಕೆ ಬೇಕು?

"ಆಂಟಿ, ಏಲಿಯನ್‌ಗೆ ಮೊಣಕಾಲು ಯಾಕ ಇರಬೇಕ್ರಿ?"

ಕಳೆದ ಶನಿವಾರ ಬೆಳಿಗ್ಗೆ ನನ್ನ ಕಾರಿನ ಹಿಂದಿನ ಸೀಟಿನಿಂದ ಈ ಪ್ರಶ್ನೆ ಬಂತು. ಇಲ್ಲಿ ಅಮೆರಿಕದ ಐ-35 ಹೆದ್ದಾರಿಯಲ್ಲಿ ಎರಡು ದೈತ್ಯ ಟ್ರಕ್ಕುಗಳ ನಡುವೆ ಸಿಕ್ಕಿಕೊಂಡು, ಉಸಿರು ಬಿಗಿಹಿಡಿದು ಡ್ರೈವ್ ಮಾಡುತ್ತಿದ್ದೆ. ಮೊಣಕಾಲಿನ ಚರ್ಚೆಗೆ ಅದು ಹೊತ್ತಲ್ಲ. (ನನ್ನ ವಯಸ್ಸಿನವರಿಗೆ ಮೊಣಕಾಲಿನ ಚರ್ಚೆ ಯಾವ ಹೊತ್ತಿಗೂ ಬೇಡ.)

ಕೇಳಿದವಳು ನಫೀಸಾ. ಧಾರವಾಡದ ಹುಡುಗಿ. ಆಸ್ಟಿನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಕುದಿಯುವ ನೀರಿನ ಬುಗ್ಗೆಗಳಲ್ಲಿ, ಗಂಧಕದ ಕೆಸರಿನಲ್ಲಿ ಆರಾಮಾಗಿ ಬದುಕುವ ಸೂಕ್ಷ್ಮಜೀವಿಗಳ ಬಗ್ಗೆ ಅವಳ ಅಧ್ಯಯನ. ಅಂಥ ಕಡೆಯೂ ಜೀವ ಇರುವುದಾದರೆ ಬೇರೆ ಗ್ರಹಗಳಲ್ಲಿ ಅದು ಯಾವ ರೂಪದಲ್ಲಿ ಇರಬಹುದು? ಅದು ಅವಳ ಪ್ರಶ್ನೆ. ಅದಕ್ಕೂ ಮೊದಲಿನ ಪ್ರಶ್ನೆ, "ಶನಿವಾರ ಡಾಲಸ್ ಕಡೆ ಯಾರರೆ ಹೊಂಟೀರೇನ್ರಿ?" ಎಂದು ಆಸ್ಟಿನ್ ಪಕ್ಕದ ನಮ್ಮ ಸೀಡರ್ ಪಾರ್ಕ್ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದು. ಅಲ್ಲಿ ಅವಳ ಅಕ್ಕ ಇದ್ದಾಳೆ. ನಾವೂ ಅತ್ತಲೇ ಹೊರಟಿದ್ದೆವು, ನನ್ನ ಮೈದುನ ಪ್ರಸಾದನ ಹೊಸ ಮನೆಯ ಗೃಹಪ್ರವೇಶಕ್ಕೆ. ಬಾಮ್ಮ, ಊಟ ಮಾಡಿಕೊಂಡೇ ಅಕ್ಕನ ಮನೆಗೆ ಹೋಗುವಿಯಂತೆ ಎಂದೆ.

ನಾವು ಅಂದರೆ ನಾನು ಮತ್ತು ನನ್ನ ಗಂಡ ಶ್ರೀನಾಥ್.

ಹಳೆಯ ಓದುಗರಿಗೆ ಶ್ರೀನಾಥ್ ಚೆನ್ನಾಗಿ ಗೊತ್ತು. ಈ ಅಂಕಣದಲ್ಲಿ ವಾರ ಬಿಟ್ಟು ವಾರ ಬಂದು, ಟ್ಯಾಕ್ಸಿನಿಂದ ಟೊಮ್ಯಾಟೊ ಗೊಜ್ಜಿನವರೆಗೆ ಎಲ್ಲದರ ಮೇಲೂ ಭಾಷಣ ಬಿಗಿದು ನನ್ನ ತಲೆ ತಿನ್ನುತ್ತಿದ್ದವರು ಅವರೇ. "ಯಜಮಾನರು ಎಲ್ಲಿ? ಇತ್ತೀಚೆಗೆ ಬರ್ತಾನೇ ಇಲ್ಲ?" ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಉತ್ತರ ಬರೆಯಲು ಮನಸ್ಸು ಬಂದಿರಲಿಲ್ಲ. ಇವತ್ತು ಬರೆಯುತ್ತಿದ್ದೇನೆ.

ಅವರಿಗೆ ಸ್ಟ್ರೋಕ್ ಆಯಿತು. ಕಾಲು ವಾಪಸ್ ಬಂತು. ಬಲಗೈ ಅರ್ಧಂಬರ್ಧ ಬಂತು. ಮಾತು ಬರಲಿಲ್ಲ. ಅಷ್ಟೊಂದು ಮಾತಿನಲ್ಲಿ ಉಳಿದದ್ದು ಒಂದೇ ಒಂದು ಪದ: "ಆಯ್ತು."

ಸ್ಪೀಚ್ ಥೆರಪಿಯವರು ಚಿತ್ರಗಳ ಕಾರ್ಡು ಕೊಟ್ಟಿದ್ದಾರೆ. ದಿನಾ ಬೆಳಿಗ್ಗೆ ಬೆಕ್ಕಿನ ಚಿತ್ರ ಹಿಡಿದು, "ಇದೇನ್ರೀ?" ಎನ್ನುತ್ತೇನೆ. "ಆಯ್ತು." ಬಾಳೆಹಣ್ಣು? "ಆಯ್ತು." ನಾನು ಯಾರು? "ಆಯ್ತು."

ನಗು ಬರುತ್ತದೆ, ಅಲ್ಲವೇ? ಮೊದಮೊದಲು ನಾವಿಬ್ಬರೂ ನಕ್ಕಿದ್ದೇವೆ.

ಈಗ ಮನೆಯಲ್ಲಿ ಇಬ್ಬರಿದ್ದೇವೆ, ಮಾತು ಒಬ್ಬಳದೇ. "ಈಗ ಒಗ್ಗರಣೆ ಹಾಕ್ತೀನಿ ಕಣ್ರೀ", "ಎದುರು ಮನೆಯವರು ಹುಲ್ಲು ಕತ್ತರಿಸ್ತಿದ್ದಾರೆ ನೋಡಿ" ಎಂದು ರೇಡಿಯೋದಲ್ಲಿ ಕಾಮೆಂಟರಿ ಹೇಳುವವರಂತೆ ಹೇಳುತ್ತಲೇ ಇರುತ್ತೇನೆ. ನಮ್ಮ ಬೀದಿಯಲ್ಲಿ ಗ್ಯಾರೇಜಿನ ಬಾಗಿಲು ಏಳುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಇಳಿಯುತ್ತದೆ. ಮಾತಾಡಿಸಲು ಮನುಷ್ಯರ ಮುಖ ಕಾಣುವುದಿಲ್ಲ. ಒಬ್ಬಳೇ ಇದ್ದಿದ್ದರೆ ಒಂಟಿತನ ಎನ್ನಬಹುದಿತ್ತು. ಎದುರಿಗೇ ಕೂತಿರುವ ಮನುಷ್ಯನ ಜೊತೆ ಒಂಟಿಯಾಗಿರುವುದಕ್ಕೆ ಏನನ್ನಬೇಕು?

ಇರಲಿ. ಮೊಣಕಾಲಿಗೆ ಬರೋಣ.

"ಯಾಕಮ್ಮಾ, ನಡೆಯೋಕೆ ಬೇಡ್ವಾ?" ಎಂದೆ.

"ನಡೀಬೇಕು ಅಂತ ಯಾರ್ ಹೇಳಿದ್ರು ಆಂಟಿ? ನಾವು ನಡೀತೀವಿ, ಅದಕ್ಕ ಅವೂ ನಡೀಬೇಕು. ನಮಗ ಎರಡು ಕಣ್ಣು, ಅದಕ್ಕ ಅವಕ್ಕೂ ಎರಡು, ಸ್ವಲ್ಪ ದೊಡ್ಡವು ಅಷ್ಟ. ನಾವು ಮಾತಾಡ್ತೀವಿ, ಅದಕ್ಕ ಅವೂ ಸಿಗ್ನಲ್ ಕಳಸ್ಬೇಕು. ಬ್ಯಾರೇದನ್ನ ಹುಡುಕ್ತೀವಿ ಅಂತೀವಿ, ಹುಡುಕೋದು ನಮ್ಮನ್ನ ನಾವ!"

ಮುಂದಿನ ಸೀಟಿನಲ್ಲಿದ್ದ ಶ್ರೀನಾಥ್, "ಆಯ್ತು" ಎಂದರು.

"ನೋಡ್ರಿ, ಅಂಕಲ್‌ಗೆ ತಿಳೀತು," ಎಂದು ನಫೀಸಾ ನಕ್ಕಳು. ನಾನು ನಗಲಿಲ್ಲ. ಅವರು ಟ್ರಕ್ ನೋಡಿದರೂ ಆಯ್ತು ಎನ್ನುತ್ತಾರೆ ಎಂದು ಈ ಮಗುವಿಗೆ ಹೇಗೆ ಹೇಳಲಿ?

ಡಾಲಸ್ ಪಕ್ಕದ ಲಾಸ್ ಕೊಲಿನಾಸ್ ಹತ್ತಿರ ಪ್ರಸಾದನ ಮನೆ. ನಾವು ತಲುಪುವ ಹೊತ್ತಿಗೆ ಪೂಜೆ ಮುಗಿದು ಊಟದ ತಯಾರಿ ನಡೆದಿತ್ತು. ಪ್ರಸಾದನ ಆಫೀಸಿನವರು, ಅಕ್ಕಪಕ್ಕದ ಕನ್ನಡದವರು. ಉದ್ದನೆಯ ಟೇಬಲ್ಲಿನ ಒಂದು ತುದಿಯಲ್ಲಿ ಶ್ರೀನಾಥ್, ಅವರ ಪಕ್ಕ ನಾನು, ಎದುರಿಗೆ ನಫೀಸಾ.

ಅವಳ ಓದು ಏನೆಂದು ತಿಳಿದದ್ದೇ ತಡ, ಎಲ್ಲರೂ ಮುಗಿಬಿದ್ದರು. "ಏಲಿಯನ್ಸ್ ಇದ್ದಾರೇನಮ್ಮಾ? ಬಂದ್ರೆ ಯಾವಾಗ್ಲೂ ಅಮೆರಿಕಕ್ಕೇ ಯಾಕೆ ಬರ್ತಾರೆ?" "ಬರಲಿ ಬಿಡ್ರೀ, ವೀಸಾ ಕ್ಯೂನಲ್ಲಿ ನಮ್ಮ ಹಿಂದೆ ನಿಲ್ಲಲಿ!" ಗೊಳ್ಳೆಂದು ನಗು.

ಪ್ರಸಾದನ ಬಾಸ್ ಒಬ್ಬರಿದ್ದರು, ಗಂಭೀರ ಮನುಷ್ಯ. "ಬುದ್ಧಿ ಅಂತ ಇದ್ದಮೇಲೆ ಗಣಿತ ಗೊತ್ತಿರಲೇಬೇಕು. ನಂಬರ್ಸ್ ಕಳಿಸಿದ್ರೆ ರಿಪ್ಲೈ ಬರಬೇಕು. ಬರಲಿಲ್ಲ ಅಂದ್ರೆ ಅಲ್ಲಿ ಯಾರೂ ಇಲ್ಲ ಅಂತ," ಎಂದರು.

"ನಮ್ಮಜ್ಜಿಗೆ ಎರಡಂಕಿ ಕೂಡಿಸ್ಲಿಕ್ಕೆ ಬರತಿರ್ಲಿಲ್ರಿ ಅಂಕಲ್," ಎಂದಳು ನಫೀಸಾ. "ಬುದ್ಧಿ ಮಾತ್ರ ಇಡೀ ಓಣಿಗೆ ಹಂಚುವಷ್ಟಿತ್ರಿ."

ಬಾಸ್ ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಪ್ರಸಾದ ಪಾಯಸದ ಪಾತ್ರೆ ಹಿಡಿದು ಬಂದು ಅಣ್ಣನ ಕಿವಿಯ ಬಳಿ ಕೂಗಿದ: "ಅಣ್ಣಾ! ಪಾ-ಯ-ಸ! ಬೇಕಾ?"

ಅವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಆದರೂ ಎಲ್ಲರೂ ಕೂಗುತ್ತಾರೆ. ಒಳ್ಳೆಯ ಹುಡುಗ ಪ್ರಸಾದ, ಅಣ್ಣನೆಂದರೆ ಪ್ರಾಣ. ಅವನೂ ಕೂಗುತ್ತಾನೆ.

"ಆಯ್ತು," ಎಂದರು ಶ್ರೀನಾಥ್.

ಪಕ್ಕದ ಕುರ್ಚಿಯ ಹೆಂಗಸು ನನ್ನತ್ತ ಬಾಗಿ, "ಅವರಿಗೆ ಗೊತ್ತಾಗುತ್ತಾ? ನಿಮ್ಮನ್ನ ಗುರುತು ಹಿಡೀತಾರಾ?" ಎಂದು ಕೇಳಿದರು. ಶ್ರೀನಾಥ್ ಎದುರೇ.

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಏನೋ ತರುವ ನೆಪ ಮಾಡಿ ಅಡುಗೆಮನೆಗೆ ಎದ್ದು ಹೋದೆ. ಸ್ವಲ್ಪ ಹೊತ್ತು ಅಲ್ಲೇ ಸಿಂಕಿನ ಮುಂದೆ ನಿಂತಿದ್ದು ವಾಪಸ್ ಬಂದರೆ, ನನ್ನ ಕುರ್ಚಿಯ ಮೇಲೆ ಪಾಯಸದ ಚಮಚ. ಶ್ರೀನಾಥ್ ಇಟ್ಟದ್ದು.

ಇದು ಅವರ ಹೊಸ ಅಭ್ಯಾಸ. ಎಲ್ಲೆಂದರಲ್ಲಿ ಏನಾದರೂ ಇಡುತ್ತಾರೆ. ಚಮಚ, ಕನ್ನಡಕದ ಡಬ್ಬಿ, ಟಿವಿ ರಿಮೋಟ್. ಒಮ್ಮೆ ಸೋಫಾದ ಮೇಲೆ ಬಾಚಣಿಗೆಯ ಮೇಲೇ ಕೂತು ಕಿರುಚಿದ್ದೆ. ಡಾಕ್ಟರ್ ಹತ್ತಿರ ಹೇಳಿದಾಗ, ಮೆದುಳಿಗೆ ಪೆಟ್ಟಾದವರಲ್ಲಿ ಇಂಥದ್ದು ಇರಬಹುದು, ಚಿಂತೆ ಬೇಡ ಎಂದಿದ್ದರು. ನಾನು ಚಿಂತೆ ಬಿಟ್ಟು ಸಾಮಾನು ಎತ್ತಿಡುವ ಕೆಲಸ ಹಿಡಿದಿದ್ದೆ. ಅವತ್ತೂ ಗೊಣಗಿಕೊಂಡು ಚಮಚ ಎತ್ತಿ ತಟ್ಟೆಯ ಪಕ್ಕ ಇಟ್ಟೆ.

ಊಟವಾದ ಮೇಲೆ ನಫೀಸಾಳ ಅಕ್ಕ ಬರುವುದಕ್ಕೆ ಇನ್ನೂ ತಡವಿತ್ತು. ಹಿತ್ತಲಿನ ನೆರಳಿನಲ್ಲಿ ನಾವಿಬ್ಬರೇ ನಿಂತಿದ್ದೆವು.

"ಆಂಟಿ, ಒಂದು ಮಾತು ಹೇಳ್ಲ್ಯಾ? ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದಳು. "ಅಂಕಲ್ ಚಮಚ ಇಟ್ರಲ್ಲ, ನೀವು ಎದ್ದು ಹೋದ ಮ್ಯಾಲ ಇಟ್ರು. ಮೊದಲ ಸಲ ಹಪ್ಪಳ ತರಾಕ ಎದ್ರಲ್ಲ, ಆಗ ಕರವಸ್ತ್ರ ಇಟ್ಟಿದ್ರು. ನೀವು ನೋಡ್ಲಿಲ್ಲ, ಅದರ ಮ್ಯಾಲ ಕುಂತ್ರಿ. ಬಾಜೂದ ಆಂಟಿ ಎದ್ದಾಗ ಏನೂ ಇಡ್ಲಿಲ್ಲ. ನಮಗ ಲ್ಯಾಬಿನ್ಯಾಗ ಅದನ್ನ ಕಲಸ್ತಾರ್ರಿ. ಅರ್ಥ ಆಗಲಿಲ್ಲ ಅಂತ ಬಿಟ್ಟುಬಿಡಬ್ಯಾಡ, ಯಾವಾಗ ಆಗ್ತದ ನೋಡು ಅಂತ."

ನನಗೆ ಮೈಸೂರಿನ ಬಸ್ ಸ್ಟ್ಯಾಂಡು ಕಣ್ಣೆದುರು ಬಂತು.

ಮದುವೆಯಾದ ಹೊಸತು. ನಂಜನಗೂಡಿನ ಬಸ್ಸು ಬರುತ್ತಿದ್ದಂತೆ ಜನ ಬಾಗಿಲಿಗೆ ಮುತ್ತಿಕೊಳ್ಳುತ್ತಿದ್ದರು. ಶ್ರೀನಾಥ್ ಬಾಗಿಲ ಕಡೆ ಹೋಗುತ್ತಲೇ ಇರಲಿಲ್ಲ. ಕಿಟಕಿಯಿಂದ ಕೈ ತೂರಿಸಿ ಸೀಟಿನ ಮೇಲೆ ಕರವಸ್ತ್ರ ಎಸೆಯುತ್ತಿದ್ದರು. ಕರವಸ್ತ್ರ ಬಿತ್ತೆಂದರೆ ಸೀಟು ನಮ್ಮದು. ಯಾರಾದರೂ ಕೂರಲು ಬಂದರೆ ಹೊರಗಿನಿಂದಲೇ ಕೂಗುವರು: "ರೀ ಸ್ವಾಮಿ, ಜನ ಇದ್ದಾರೆ!" ಜನ ಅಂದರೆ ನಾನು. ನಾನಿನ್ನೂ ಬುಟ್ಟಿ ಹಿಡಿದು ಬಸ್ಸಿನ ಹೊರಗೇ ಇರುತ್ತಿದ್ದೆ.

ಅದನ್ನೆಲ್ಲ ನಫೀಸಾಗೆ ಹೇಳಿದೆ. ಅಂದರೆ ಇವರು ಈಗಲೂ ನನಗೆ ಸೀಟು ಹಿಡಿಯುತ್ತಿದ್ದಾರೆ. ಎದ್ದು ಹೋದವಳು ವಾಪಸ್ ಬಂದು ಕೂರಲಿ ಎಂದು.

ಅವಳು ನನ್ನ ಕೈ ಹಿಡಿದುಕೊಂಡಳು. ಆದರೆ ಹುಡುಗಿ ಪ್ರಾಮಾಣಿಕಳು. "ಖರೇ ಹೇಳ್ಬೇಕಂದ್ರ ಆಂಟಿ, ಅದೂ ನಮ್ಮ ಆಸೆನ ಇರಬಹುದ್ರಿ. ನಮಗ ತಿಳೀದಿದ್ದಕ್ಕ ಅರ್ಥ ಇಲ್ಲ ಅನ್ನೋದು ಒಂದು ತಪ್ಪು. ನಮಗ ಬೇಕಾದ ಅರ್ಥಾನ ಅದರಾಗ ಇಡೋದು ಇನ್ನೊಂದು ತಪ್ಪು. ನಾನು ಎರಡೇ ಸಲ ನೋಡೀನಿ."

ಸ್ವಲ್ಪ ಹೊತ್ತಿನಲ್ಲಿ ಅವಳ ಅಕ್ಕ ಬಂದು ಕರೆದುಕೊಂಡು ಹೋದಳು. ಶ್ರೀನಾಥ್ ಎಡಗೈ ಎತ್ತಿ, "ಆಯ್ತು" ಎಂದರು. ನಫೀಸಾ ಕೂಗಲಿಲ್ಲ. ಎಲ್ಲರ ಜೊತೆ ಮಾತಾಡುವ ದನಿಯಲ್ಲೇ, "ಬರ್ತೀನ್ರಿ ಅಂಕಲ್" ಎಂದಳು.

ವಾಪಸ್ ಬರುವಾಗ ಅರ್ಧ ದಾರಿಯ ವೇಕೋ ಊರು ದಾಟುವವರೆಗೆ ನಾನು ಕಾಮೆಂಟರಿ ಹೇಳಲಿಲ್ಲ. ಮನೆ ಸೇರುವ ಆತುರವಿತ್ತು, ಪರೀಕ್ಷೆ ಮಾಡುವ ಆತುರ. ಬಂದವಳೇ ಅವರ ಪಕ್ಕ ಸೋಫಾದಲ್ಲಿ ಕೂತು, ಎದ್ದು, ಗೋಡೆಯ ಮರೆಯಲ್ಲಿ ಕಳ್ಳಿಯ ಹಾಗೆ ನಿಂತು ನೋಡಿದೆ.

ಅವರು ಏನೂ ಇಡಲಿಲ್ಲ. ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು.

ಮರುದಿನ ಬೆಳಿಗ್ಗೆ ಹಾಲು ಉಕ್ಕಿತೆಂದು ಓಡಿದಾಗ ಇಟ್ಟರು, ಕನ್ನಡಕದ ಡಬ್ಬಿ. ಸೋಮವಾರ ಎರಡು ಸಲ ಎದ್ದರೂ ಇಡಲಿಲ್ಲ. ಬುಧವಾರ, ನಾನು ಯಾವತ್ತೂ ಕೂರದ ಮೂಲೆಯ ಸ್ಟೂಲಿನ ಮೇಲೆ ಬಾಚಣಿಗೆ ಇಟ್ಟರು. ಅಲ್ಲಿ ಯಾರು ಕೂರಬೇಕಿತ್ತು? ಅವರ ಲೋಕದಲ್ಲಿ ಅಲ್ಲಿ ಯಾರು ಕೂತಿದ್ದರು? ನನಗೆ ಗೊತ್ತಿಲ್ಲ. "ಯಾರಿಗ್ರೀ ಇದು?" ಎಂದು ಕೇಳಿದೆ. "ಆಯ್ತು," ಎಂದರು, ಬಹಳ ಮೆತ್ತಗೆ.

ನನ್ನ ಈ ಸೀಟಿನ ಕಥೆ ಸರಿಯೋ ತಪ್ಪೋ, ಹೇಳುವವರಿಲ್ಲ. ಆದರೆ ಒಂದು ಬದಲಾಗಿದೆ. ಬೆಕ್ಕಿನ ಕಾರ್ಡು ಬೆಳಿಗ್ಗೆ ಒಂದು ಸಲ ತೋರಿಸಿ ಮುಚ್ಚಿಡುತ್ತೇನೆ. ಎರಡನೆಯ ಪದಕ್ಕಾಗಿ ಅವರ ಬಾಯಿಯನ್ನೇ ನೋಡುತ್ತಾ ಕೂರುತ್ತಿದ್ದವಳು ಈಗ ಕೈ ನೋಡುತ್ತೇನೆ, ಭುಜ ನೋಡುತ್ತೇನೆ, ನಾನು ಬಾಗಿಲು ತೆಗೆದಾಗ ಯಾವ ಕಡೆ ತಿರುಗಿದರು ಎಂದು ನೋಡುತ್ತೇನೆ. ಬಹುತೇಕ ಏನೂ ಅರ್ಥವಾಗುವುದಿಲ್ಲ. ಒಂಟಿತನ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಇಬ್ಬರೂ ಒಬ್ಬೊಬ್ಬರೇ ಇದ್ದೇವೆ, ಒಂದೇ ಸೋಫಾದಲ್ಲಿ. ನಾನೊಬ್ಬಳೇ ಒಂಟಿ ಎಂದುಕೊಂಡಿದ್ದೆ, ಆ ಲೆಕ್ಕ ತಪ್ಪಿತ್ತು.

ಮೊನ್ನೆ ಹ್ಯೂಸ್ಟನ್‌ನಿಂದ ಮಗಳು ಫೋನ್ ಮಾಡಿದ್ದಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಡಿಡ್ ಅಪ್ಪ ಸೇ ಎನಿಥಿಂಗ್ ನ್ಯೂ?" ಎಂದಳು.

"ಬಾಯಿಂದ ಏನೂ ಇಲ್ಲ ಪುಟ್ಟಿ," ಎಂದೆ. "ನೀನೇ ಬಾ. ಪ್ರಶ್ನೆ ಕೇಳ್ಬೇಡ. ಸುಮ್ನೆ ಪಕ್ಕದಲ್ಲಿ ಒಂದು ದಿನ ಕೂತ್ಕೋ."

"ಬರ್ತೀನಿ ಅಮ್ಮ," ಎಂದಳು. ಕನ್ನಡದಲ್ಲಿ.

ಏಲಿಯನ್‌ಗಳಿಗಾಗಿ ಆಕಾಶಕ್ಕೆ ಕಿವಿಗೊಟ್ಟು, ಅಲ್ಲಿಂದ ಉತ್ತರವೇ ಇಲ್ಲ ಎನ್ನುವವರನ್ನು ಒಂದು ಮಾತು ಕೇಳಬೇಕೆನಿಸುತ್ತದೆ: ನೀವು ಕಾದದ್ದು ಅವರ ಉತ್ತರಕ್ಕೋ, ನಿಮ್ಮದೇ ದನಿಗೋ?