ಎರಡು ಮೊಳ ಕೆಳಗೆ

ರೋಣದ ಅಂಗಡಿಗಳಿಗೆ ಬೋರ್ಡು ಬರೆಯುವುದರಲ್ಲೇ ಮೈಲಾರಿಯ ಅರ್ಧ ಆಯುಷ್ಯ ಸವೆದಿತ್ತು. ಊರಿಗೆ ಫ್ಲೆಕ್ಸ್ ಮಷೀನು ಬಂದದ್ದೇ ಬಂದದ್ದು, ಅವನ ಅನ್ನಕ್ಕೆ ಕಲ್ಲು ಬಿತ್ತು. ಹೊಟ್ಟೆ ಕೇಳಬೇಕಲ್ಲ, ಪ್ರಭುಲಿಂಗಪ್ಪನ ಹತ್ತಿ ಮಿಲ್ಲಿನಲ್ಲಿ ಸ್ಟೋರು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ.

ಸೇರಿದ ವರ್ಷವೇ ಯಂತ್ರದ ಮುಂದೆ ಎರಡು ದಿನ ನಿಂತು ಹೆಂಗಸರ ಕೈಗಳನ್ನೇ ನೋಡಿದ. ರೋಲರಿಗೆ ಹತ್ತಿ ಸಿಕ್ಕಿಕೊಂಡರೆ, ಅದು ತಿರುಗುತ್ತಿರುವಾಗಲೇ ಕೈ ಹಾಕಿ ಎಳೆಯುತ್ತಿದ್ದರು. ಮೈಲಾರಿ ಯಂತ್ರದ ತಗಡಿನ ಮೇಲೆ, ಅವರ ಕಣ್ಣಿನ ಮಟ್ಟಕ್ಕೆ, ಎರಡೇ ಚಿತ್ರ ಬರೆದ. ಮೊದಲನೆಯದು ಕೆಂಪು ಗುಂಡಿ ಒತ್ತುವ ಕೈ. ಎರಡನೆಯದು ನಿಂತ ರೋಲರಿನಿಂದ ಹತ್ತಿ ತೆಗೆಯುವ ಕೈ. ಕೈಗೆ ಹಸಿರು ಬಳೆ. ಒಂದಕ್ಷರವೂ ಇಲ್ಲ. ಏಳು ವರ್ಷ ಯಾರ ಉಗುರೂ ಕಿತ್ತುಹೋಗಲಿಲ್ಲ.

ಎಲ್ಲ ನೆಟ್ಟಗಿದ್ದರೆ ದೊಡ್ಡವರಿಗೆ ನಿದ್ದೆ ಬರುತ್ತದೆಯೇ? ತಪಾಸಣೆಯವರು ಬರುತ್ತಾರೆಂದು ಪ್ರಭುಲಿಂಗಪ್ಪ ಯಂತ್ರಗಳಿಗೆಲ್ಲ ಹೊಸ ಬಣ್ಣ ಹೊಡೆಸಿದ. ಚಿತ್ರಗಳು ಅದರಡಿ ಹೋದವು. ಬದಲಿಗೆ ಗೋಡೆಯ ಮೇಲೆ, ಎತ್ತರದಲ್ಲಿ, ಒಂದು ಫ್ಲೆಕ್ಸ್ ಬೋರ್ಡು ಬಂತು. ಇಪ್ಪತ್ತು ಸೂಚನೆ, ಇರುವೆ ಸಾಲಿನಂಥ ಅಕ್ಷರ, ನಡುವೆ ಹಳದಿ ಟೊಪ್ಪಿಗೆ ಹಾಕಿಕೊಂಡು ಹಲ್ಲು ಕಿರಿಯುವ ಯಾವನೋ ಪರದೇಶದವನು.

"ಇದು ಯಾರಿಗೂ ತಿಳಿಯಂಗಿಲ್ರಿ ಧಣ್ಯಾರ," ಎಂದ ಮೈಲಾರಿ.

"ಸಾಹೇಬ್ರಿಗೆ ತಿಳಿದ್ರ ಸಾಕು," ಎಂದ ಪ್ರಭುಲಿಂಗಪ್ಪ.

ಬೆಳವಣಕಿಯಿಂದ ಹೊಸದಾಗಿ ಕೆಲಸಕ್ಕೆ ಬಂದ ಮಾಳವ್ವ ಮೊದಲ ದಿನವೇ ಅದನ್ನು ನೋಡಿ, "ಇವತ್ತ ಯಾರ ಹುಟ್ಟಹಬ್ಬರಿ ಮಾವಾರ?" ಎಂದು ಕೇಳಿದಳು. ಪಾಪ, ಬಸ್‌ಸ್ಟ್ಯಾಂಡಿನ ಮುಂದೆ ಅವಳು ಕಂಡ ಫ್ಲೆಕ್ಸುಗಳೆಲ್ಲ ನಗುವ ಮುಖಗಳಿಗೆ ಶುಭಾಶಯ ಕೋರುವಂಥವೇ. ಮೈಲಾರಿ ನಕ್ಕುಬಿಟ್ಟ, ಹೇಳಿಕೊಡಲಿಲ್ಲ. ಅದಕ್ಕಾಗಿ ಇಂದಿಗೂ ತನ್ನನ್ನು ತಾನೇ ಬಯ್ದುಕೊಳ್ಳುತ್ತಾನೆ. ತಿಂಗಳೊಳಗೆ ರೋಲರು ಅವಳ ಬಲಗೈಯ ನಾಲ್ಕು ಬೆರಳು ತಿಂದಿತು.

ಅಪಘಾತದ ವರದಿಗೆ ನಕ್ಷೆ ಬೇಕಾಯಿತು. ಧಣಿ ಮೈಲಾರಿಯನ್ನು ಕರೆಸಿದ.

"ಬೋರ್ಡು ಆಕಿ ಕಣ್ಣಮುಂದ ಇತ್ತು ಅನ್ನೂದು ಕಾಣಬೇಕ. ಎರಡು ಮೊಳ ಕೆಳಗ ಬರದ್ರ ಆತು. ಈ ವಯಸ್ಸಿನಾಗ ನಿನಗ ಬ್ಯಾರೆ ಕೆಲಸ ಯಾರು ಕೊಡ್ತಾರ, ನೋಡು."

ಮೈಲಾರಿ ಬರೆದ. ಹಾಳಾದ ಕೈ, ಸುಳ್ಳನ್ನೂ ಚಂದವಾಗಿಯೇ ಬರೆಯಿತು: ಯಂತ್ರ, ಮಾಳವ್ವ, ಅವಳ ಮೂಗಿನೆದುರಿಗೇ ಬೋರ್ಡು, ಅತ್ತ ನೋಡದೆ ಚಾಚಿದ ಕೈ. ಹನ್ನೊಂದು ಪುಟದ ವರದಿಯಲ್ಲಿ ಓದದೆಯೂ ತಿಳಿಯುವ ಪುಟ ಅದೊಂದೇ ಆಗಿತ್ತು. ತಪ್ಪು ಮಾಳವ್ವನದೇ ಎಂದು ತೀರ್ಮಾನವಾಯಿತು. ಪರಿಹಾರವೂ ಇಲ್ಲ, ಕೆಲಸವೂ ಇಲ್ಲ.

ವರದಿಯ ಪ್ರತಿ ಹಿಡಿದುಕೊಂಡು ಮಾಳವ್ವ ಸ್ಟೋರಿಗೆ ಬಂದಳು. ಎಡಗೈಯಿಂದ ಹಾಳೆ ತಿರುವಿ ತಿರುವಿ ನಕ್ಷೆಯ ಹತ್ತಿರ ನಿಂತಳು.

"ಉಳಿದದ್ದೇನೂ ನನಗ ತಿಳಿಯಂಗಿಲ್ರಿ ಮಾವಾರ. ಇದನ್ನ ಯಾರ ಬರದಾರೋ, ಭಾಳ ಚಲೋ ಬರದಾರ. ನೋಡಿದ ಕೂಡ್ಲೆ ತಪ್ಪು ನಂದ ಅಂತ ನನಗೂ ಅನಸ್ತು. ಖರೇನ ಬೋರ್ಡು ಅಷ್ಟ ಕೆಳಗ ಇತ್ತೇನ್ರಿ?"

ಮೈಲಾರಿ ಅವಳ ಮುಖ ನೋಡಲಿಲ್ಲ.

"ಇತ್ತವ್ವಾ," ಎಂದ.